ಮಿದುಳಿನ ಅಲೆಗಳನ್ನು ಕಂಡವನು: ಹಾನ್ಸ್ ಬರ್ಗರ್

ಹದಿನೇಳನ್ನು ಹದಿಮೂರರಿಂದ ಗುಣಿಸಿದರೆ ಎಷ್ಟಾಗುತ್ತದೆಂದು ಯಾರಾದರೂ ಥಟ್ಟನೆ ಕೇಳಿದರೆ ನಾವು ಒಂದು ಕ್ಷಣ ಸುಮ್ಮನಾಗುತ್ತೇವೆ. ಕಣ್ಣು ಎಲ್ಲಿಯೋ ನೆಟ್ಟಿರುತ್ತದೆ. ಕೆಲವರ ತುಟಿ ಅಲುಗುವುದೂ ಉಂಟು. ಸ್ವಲ್ಪ ಹೊತ್ತಿನ ಮೇಲೆ ಇನ್ನೂರ ಇಪ್ಪತ್ತೊಂದು ಎಂಬ ಉತ್ತರ ಹೊರಬೀಳುತ್ತದೆ. ಪ್ರಶ್ನೆ ಕಿವಿಗೆ ಬಿದ್ದುದಕ್ಕೂ ಉತ್ತರ ಬಾಯಿಗೆ ಬಂದುದಕ್ಕೂ ನಡುವೆ ನಮ್ಮ ತಲೆಯೊಳಗೆ ನಡೆದದ್ದಾದರೂ ಏನು? ಯೋಚನೆಗೆ ತೂಕವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಆದರೂ ಅದು ನಡೆಯುವಾಗ ಮಿದುಳಿನಲ್ಲಿ ಏನಾದರೊಂದು ಬದಲಾವಣೆ ಆಗಲೇಬೇಕಲ್ಲವೆ? ಆಗುವುದಾದರೆ ಅದನ್ನು ಅಳೆಯುವ ಬಗೆ ಹೇಗೆ?

ಈ ಪ್ರಶ್ನೆಯನ್ನು ಕೇಳಿದವರು ಹಲವರು. ಇದಕ್ಕಾಗಿಯೇ ಬಾಳಿನ ನಾಲ್ಕು ದಶಕಗಳನ್ನು ಸವೆಸಿ, ಕೊನೆಗೆ ಒಂದು ಕಾಗದದ ಪಟ್ಟಿಯ ಮೇಲೆ ಯೋಚನೆಯ ನೆರಳನ್ನು ಮೂಡಿಸಿ ತೋರಿಸಿದವನು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಆತನ ಚರಿತ್ರೆ ಒಂದು ದೊಡ್ಡ ಗೆಲುವಿನ ಕಥೆ. ಅದರ ಕೊನೆಯಲ್ಲಿ ಒಂದು ದೊಡ್ಡ ಸೋಲೂ ಇದೆ. ಎರಡನ್ನೂ ತಿಳಿದುಕೊಂಡರೆ ಮಾತ್ರ ಆ ಬಾಳನ್ನು ಅರಿತಂತೆ.

ಬರ್ಗರನಿಗಿಂತ ಮೊದಲು ಮಿದುಳನ್ನು ಕುರಿತು ಜನರಿಗೆ ಏನೂ ತಿಳಿದಿರಲಿಲ್ಲವೆಂದಲ್ಲ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಎಂಬಾತನು, ಬಹುಕಾಲದಿಂದ ಮಾತು ಕಳೆದುಕೊಂಡಿದ್ದ ಒಬ್ಬ ರೋಗಿಯು ತೀರಿಕೊಂಡ ಮೇಲೆ ಅವನ ಮಿದುಳನ್ನು ಪರೀಕ್ಷಿಸಿದನು. ಎಡ ಅರ್ಧದ ಮುಂಭಾಗದಲ್ಲಿ ಒಂದು ಕಡೆ ಮಿದುಳು ಕೆಟ್ಟುಹೋಗಿರುವುದು ಕಂಡಿತು. ಮಾತಿಗೆ ಮಿದುಳಿನಲ್ಲಿ ಒಂದು ನೆಲೆಯುಂಟೆಂದು ಅದರಿಂದ ತಿಳಿಯಿತು. ಆದರೆ ಈ ಮಾರ್ಗಕ್ಕೆ ಒಂದು ಮಿತಿ ಇತ್ತು. ರೋಗಿ ಸಾಯುವವರೆಗೂ ಕಾಯಬೇಕು. ಸತ್ತ ಮಿದುಳು ಯೋಚಿಸುವುದಿಲ್ಲ. ದೀಪ ಆರಿದ ಮೇಲೆ ಹಣತೆಯನ್ನು ಪರೀಕ್ಷಿಸಿದರೆ ಬತ್ತಿ ಎಲ್ಲಿತ್ತೆಂದು ಹೇಳಬಹುದು, ಬೆಳಕು ಹೇಗೆ ಕುಣಿಯುತ್ತಿತ್ತೆಂದು ಹೇಳಲಾಗದು. ಬದುಕಿರುವ, ಎಚ್ಚರವಾಗಿರುವ ಮನುಷ್ಯನ ಮಿದುಳು ಕೆಲಸ ಮಾಡುತ್ತಿರುವಾಗಲೇ ಅದನ್ನು ಕಾಣುವ ಉಪಾಯ ಬೇಕಾಗಿತ್ತು.

ಹಾನ್ಸ್ ಬರ್ಗರನು 1873ನೆಯ ಇಸವಿ ಮೇ 21ರಂದು ಜರ್ಮನಿಯ ಕೋಬುರ್ಗ್ ನಗರದ ಬಳಿಯ ನೋಯ್ಸೆಸ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ವೈದ್ಯ. ತಾಯಿಯ ತಂದೆ ಫ್ರೀಡ್ರಿಶ್ ರೂಕರ್ಟ್ ಜರ್ಮನ್ ಭಾಷೆಯ ಹೆಸರಾಂತ ಕವಿ. ಪೌರಸ್ತ್ಯ ಭಾಷೆಗಳ ಮಹಾ ಪಂಡಿತ. ಸಂಸ್ಕೃತವನ್ನು ಬಲ್ಲವನಾಗಿದ್ದ ಆತನು ನಮ್ಮ ನಳದಮಯಂತಿಯರ ಕಥೆಯನ್ನು 1828ರಲ್ಲಿಯೇ ಜರ್ಮನ್ ಪದ್ಯದಲ್ಲಿ ಹೇಳಿದ್ದನು. ದಮಯಂತಿಯ ಮನಸ್ಸೂ ನಳನ ಮನಸ್ಸೂ ಒಬ್ಬರನ್ನೊಬ್ಬರು ಕಾಣುವ ಮೊದಲೇ ಒಂದಾಗಿದ್ದುವೆಂಬ ಕಥೆಯನ್ನು ಅನುವಾದಿಸಿದವನ ಮೊಮ್ಮಗನು ಮುಂದೆ ಮನಸ್ಸು ಮನಸ್ಸುಗಳ ನಡುವಣ ಗುಟ್ಟನ್ನು ಹುಡುಕಹೊರಟದ್ದು ಕೇವಲ ಆಕಸ್ಮಿಕವಿರಬಹುದು. ಆದರೂ ಅದು ನಮ್ಮ ನೆನಪಿನಲ್ಲಿ ಉಳಿಯುವಂಥ ಆಕಸ್ಮಿಕ.

ಹುಡುಗ ಬರ್ಗರನಿಗೆ ಮಿದುಳಿನ ಮೇಲೆ ಆಸಕ್ತಿ ಇರಲಿಲ್ಲ. ನಕ್ಷತ್ರಗಳನ್ನು ನೋಡುವ ಖಗೋಳಶಾಸ್ತ್ರಜ್ಞನಾಗಬೇಕೆಂಬುದು ಅವನ ಆಸೆ. ಅದಕ್ಕಾಗಿ ಗಣಿತವನ್ನು ಓದಲು ವಿಶ್ವವಿದ್ಯಾನಿಲಯವನ್ನು ಸೇರಿದನು. ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದನ್ನು ಬಿಟ್ಟು ಒಂದು ವರ್ಷದ ಸೈನ್ಯಸೇವೆಗೆ ಹೋದನು. ಅಲ್ಲಿ, ವೂರ್ಟ್ಸ್‌ಬುರ್ಗ್ ನಗರದಲ್ಲಿ, ಅವನ ಬಾಳಿನ ದಿಕ್ಕನ್ನೇ ತಿರುಗಿಸಿದ ಪ್ರಸಂಗವೊಂದು ನಡೆಯಿತು.

ಒಂದು ಬೆಳಿಗ್ಗೆ ಕವಾಯತಿನ ಸಮಯದಲ್ಲಿ ಅವನು ಏರಿದ್ದ ಕುದುರೆ ಹಠಾತ್ತನೆ ಹಿಂಗಾಲಿನ ಮೇಲೆ ನಿಂತು ಅವನನ್ನು ಕೆಳಗೆ ಕೆಡವಿತು. ಅವನು ಬಿದ್ದದ್ದು ಕುದುರೆಗಳು ಎಳೆದು ತರುತ್ತಿದ್ದ ಫಿರಂಗಿಯ ದಾರಿಯಲ್ಲಿಯೇ. ಇನ್ನೊಂದು ನಿಮಿಷದಲ್ಲಿ ಗಾಲಿ ಮೈಮೇಲೆ ಹರಿಯಬೇಕು, ಅಷ್ಟರಲ್ಲಿ ಫಿರಂಗಿ ನಿಂತಿತು. ಪ್ರಾಣ ಉಳಿಯಿತು. ಅದೇ ದಿನ ಸಂಜೆ ಅವನಿಗೆ ಮನೆಯಿಂದ ಒಂದು ತಂತಿ ಬಂದಿತು. ಕ್ಷೇಮವೇ ಎಂದು ತಂದೆ ಕೇಳಿದ್ದನು. ಅದುವರೆಗೆ ತಂದೆ ಎಂದೂ ಹಾಗೆ ತಂತಿ ಕಳಿಸಿದವನಲ್ಲ. ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಅಪಾಯವಾಯಿತೆಂದು ಮನಸ್ಸಿಗೆ ಹೊಳೆದು, ಆಕೆ ಹಟಮಾಡಿ ಆ ತಂತಿಯನ್ನು ಕೊಡಿಸಿದ್ದಳು.

ಬೇರೊಬ್ಬನಾಗಿದ್ದರೆ ದೈವೇಚ್ಛೆ ಎಂದು ಕೈಮುಗಿದು ಸುಮ್ಮನಾಗುತ್ತಿದ್ದನು. ಇಲ್ಲವೆ ಕಾಕತಾಳೀಯವೆಂದು ಮರೆತುಬಿಡುತ್ತಿದ್ದನು. ಬರ್ಗರನು ಎರಡನ್ನೂ ಮಾಡಲಿಲ್ಲ. ಪ್ರಾಣಭಯದ ಆ ಗಳಿಗೆಯಲ್ಲಿ ತನ್ನ ಮನಸ್ಸಿನಿಂದ ಅಕ್ಕನ ಮನಸ್ಸಿಗೆ ಏನೋ ಹರಿದುಹೋಯಿತೆಂದು ಅವನು ನಂಬಿದನು. ಹರಿದುಹೋದದ್ದು ನಿಜವಾದರೆ ಅದೊಂದು ಶಕ್ತಿಯಾಗಿರಬೇಕು. ಶಕ್ತಿಯಾದರೆ ಅದನ್ನು ಅಳೆಯಬರಬೇಕು. ನಕ್ಷತ್ರಗಳ ಆಸೆಯನ್ನು ಬಿಟ್ಟು ಅವನು ಯೇನಾ ನಗರದ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಹಿಡಿದನು. 1897ರಲ್ಲಿ ಪದವಿ ಪಡೆದು ಅಲ್ಲಿಯ ಮನೋರೋಗ ಚಿಕಿತ್ಸಾಲಯದಲ್ಲಿ ಓಟೋ ಬಿನ್ಸ್‌ವಾಂಗರ್ ಎಂಬ ಗುರುವಿನ ಕೈಕೆಳಗೆ ಸಹಾಯಕನಾದನು. ಯುದ್ಧದ ವರ್ಷಗಳನ್ನು ಬಿಟ್ಟರೆ ನಿವೃತ್ತಿಯಾಗುವವರೆಗೂ ಅವನು ಆ ಚಿಕಿತ್ಸಾಲಯವನ್ನು ಬಿಡಲಿಲ್ಲ.

ಆ ಕಾಲದಲ್ಲಿ ಭೌತವಿಜ್ಞಾನದ ದೊಡ್ಡ ಸೂತ್ರವೆಂದರೆ ಶಕ್ತಿಯ ಅವಿನಾಶಿತ್ವ. ಶಕ್ತಿ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಒಂದು ರೂಪದಿಂದ ಮತ್ತೊಂದಕ್ಕೆ ಮಾರ್ಪಡುತ್ತದೆ. ಬರ್ಗರನು ಈ ಸೂತ್ರವನ್ನು ಮಿದುಳಿಗೆ ಹೊಂದಿಸಿದನು. ರಕ್ತ ಹೊತ್ತು ತಂದ ಆಹಾರ ಮಿದುಳಿನಲ್ಲಿ ಉರಿದು ಶಕ್ತಿಯಾಗುತ್ತದೆ. ಅದರಲ್ಲೊಂದು ಪಾಲು ಶಾಖವಾಗಬೇಕು, ಒಂದು ಪಾಲು ವಿದ್ಯುತ್ತಾಗಬೇಕು, ಉಳಿದ ಪಾಲು ಮನಸ್ಸಿನ ಶಕ್ತಿಯಾಗಬೇಕು. ಶೆಟ್ಟರು ಜಮಾ ಖರ್ಚು ಬರೆಯುವಂತೆ ಒಳಬಂದ ಶಕ್ತಿಯಲ್ಲಿ ಶಾಖವನ್ನೂ ವಿದ್ಯುತ್ತನ್ನೂ ಕಳೆದರೆ ಉಳಿದದ್ದೇ ಯೋಚನೆಯ ಲೆಕ್ಕ! ಇಂದು ಇದು ನಮಗೆ ಬಹಳ ಸರಳವಾದ ಲೆಕ್ಕವಾಗಿ ಕಾಣುತ್ತದೆ. ಆದರೆ ಇದರಿಂದ ಅವನಿಗೆ ಏನನ್ನು ಅಳೆಯಬೇಕೆಂಬುದು ಸ್ಪಷ್ಟವಾಯಿತು.

ಮೊದಲು ಅವನು ರಕ್ತವನ್ನು ಹಿಡಿದನು. ಇಟಲಿಯ ಆಂಜೆಲೊ ಮೋಸೊ ಎಂಬ ವಿಜ್ಞಾನಿ ಇದಕ್ಕೆ ದಾರಿ ತೋರಿಸಿದ್ದನು. ಪೆಟ್ಟು ಬಿದ್ದೋ ಶಸ್ತ್ರಕ್ರಿಯೆಯಿಂದಲೋ ತಲೆಬುರುಡೆಯ ಒಂದು ಭಾಗದಲ್ಲಿ ಮೂಳೆ ಇಲ್ಲದ ರೋಗಿಗಳಿರುತ್ತಾರೆ. ಅಲ್ಲಿ ಚರ್ಮದ ಕೆಳಗೆ ಮಿದುಳು ಮಿಡಿಯುವುದು, ಎಳೆಗೂಸಿನ ನೆತ್ತಿಯಲ್ಲಿ ಕಾಣುವಂತೆ, ಕಣ್ಣಿಗೇ ಕಾಣುತ್ತದೆ. ರೋಗಿ ಲೆಕ್ಕ ಮಾಡುವಾಗ, ಬೆಚ್ಚಿದಾಗ, ಸಂತೋಷಪಟ್ಟಾಗ ಆ ಮಿಡಿತ ಹೇಗೆ ಬದಲಾಗುತ್ತದೆಂದು ಬರ್ಗರನು ವರ್ಷಗಟ್ಟಲೆ ಬರೆದಿಟ್ಟನು. ಬಳಿಕ ಶಾಖದ ಸರದಿ. ಸೂಕ್ಷ್ಮವಾದ ಉಷ್ಣಮಾಪಕಗಳಿಂದ ಮಿದುಳಿನ ಕಾವನ್ನು ಅಳೆದು 1910ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಎರಡರಿಂದಲೂ ಅವನು ಬಯಸಿದ ಫಲ ಸಿಕ್ಕಲಿಲ್ಲ. ರಕ್ತವೂ ಕಾವೂ ಬದಲಾಗುತ್ತಿದ್ದುದು ನಿಧಾನವಾಗಿ. ಯೋಚನೆಯೋ ಕ್ಷಣಕ್ಕೊಂದು ಕಡೆ ಹಾರುವಂಥದು.

ಉಳಿದದ್ದು ವಿದ್ಯುತ್ತು. ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ತಿನ ಸಣ್ಣ ಅಲುಗಾಟ ಇರುವುದನ್ನು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ರಿಚರ್ಡ್ ಕೇಟನ್ ಎಂಬ ವೈದ್ಯನು 1875ರಲ್ಲಿಯೇ ಮೊಲಗಳಲ್ಲಿಯೂ ಕೋತಿಗಳಲ್ಲಿಯೂ ಕಂಡಿದ್ದನು. 1890ರಲ್ಲಿ ಪೋಲೆಂಡಿನ ಅಡಾಲ್ಫ್ ಬೆಕ್ ಎಂಬಾತನೂ ನಾಯಿ ಮೊಲಗಳಲ್ಲಿ ಅದನ್ನು ಕಂಡನು. ಆದರೆ ಅವೆಲ್ಲ ಬುರುಡೆಯನ್ನು ತೆರೆದು ಮಿದುಳನ್ನೇ ಮುಟ್ಟಿ ಮಾಡಿದ ಪ್ರಯೋಗಗಳು. ಮನುಷ್ಯನಲ್ಲಿ, ಅದೂ ಬುರುಡೆಯ ಹೊರಗಿನಿಂದ, ಇದು ಸಾಧ್ಯವೆಂದು ಯಾರೂ ನಂಬಿರಲಿಲ್ಲ. ಬರ್ಗರನು 1902ರಲ್ಲಿಯೇ ನಾಯಿಗಳ ಮೇಲೆ ಯತ್ನಿಸಿ ಸೋತನು, 1907ರಲ್ಲಿ ಮತ್ತೆ ಸೋತನು, 1910ರಲ್ಲಿಯೂ ಸೋತನು. ಅವನ ಉಪಕರಣಗಳಿಗೆ ಅಷ್ಟು ಸೂಕ್ಷ್ಮತೆ ಇರಲಿಲ್ಲ. ಅಳೆಯಬೇಕಾಗಿದ್ದುದು ಎಷ್ಟು ಅಲ್ಪವೆಂಬುದನ್ನು ಹೀಗೆ ಊಹಿಸಬಹುದು: ಟಾರ್ಚಿಗೆ ಹಾಕುವ ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಒತ್ತಡವಿರುತ್ತದೆ, ತಲೆಯ ಚರ್ಮದ ಮೇಲೆ ಸಿಕ್ಕುವ ಮಿದುಳಿನ ವಿದ್ಯುತ್ತು ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು.

1914ರಲ್ಲಿ ಮಹಾಯುದ್ಧ ಬಂದಿತು. ಬರ್ಗರನು ಫ್ರಾನ್ಸಿನ ರಣಭೂಮಿಯ ಹಿಂದೆ ಸೈನ್ಯದ ಮನೋವೈದ್ಯನಾಗಿ ದುಡಿದನು. ಹಿಂದಿರುಗಿದ ಮೇಲೆ, 1919ರಲ್ಲಿ, ಗುರುವಿನ ಸ್ಥಾನಕ್ಕೆ ಬಂದು ಚಿಕಿತ್ಸಾಲಯದ ನಿರ್ದೇಶಕನಾದನು. 1927ರಲ್ಲಿ ವಿಶ್ವವಿದ್ಯಾನಿಲಯದ ರೆಕ್ಟರ್ ಪದವಿಯೂ ದೊರೆಯಿತು. ಅವನನ್ನು ಬಲ್ಲವರಿಗೆ ಅವನೊಬ್ಬ ಕಟ್ಟುನಿಟ್ಟಿನ ಮನುಷ್ಯ. ಗಡಿಯಾರದ ಮುಳ್ಳಿನಂತೆ ಅವನ ದಿನಚರಿ. ಮಾತು ಕಡಿಮೆ, ಸಂಕೋಚ ಹೆಚ್ಚು. ಪಾಠದಲ್ಲಿ ಸೊಗಸಿಲ್ಲ, ನಡೆಯಲ್ಲಿ ಸಲಿಗೆಯಿಲ್ಲ. ಆದರೆ ದಿನದ ಕೆಲಸ ಮುಗಿದ ಮೇಲೆ ಈ ಸಪ್ಪೆ ಮನುಷ್ಯನು ಚಿಕಿತ್ಸಾಲಯದ ಆವರಣದಲ್ಲಿದ್ದ ಒಂದು ಸಣ್ಣ ಕಟ್ಟಡಕ್ಕೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದನು. ಒಳಗೆ ಅವನು ಮಾಡುತ್ತಿದ್ದುದೇನೆಂದು ಜೊತೆಗಾರರಲ್ಲಿ ಬಹುಮಂದಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೂ ನಂಬಿಕೆ ಇರಲಿಲ್ಲ.

1924ನೆಯ ಇಸವಿ ಜುಲೈ ತಿಂಗಳಿನಲ್ಲಿ ಆ ಕೋಣೆಯಲ್ಲಿ ಬಯಸಿದ್ದು ಫಲಿಸಿತು. ಹದಿನೇಳು ವರ್ಷದ ತರುಣನೊಬ್ಬನಿಗೆ ಶಸ್ತ್ರವೈದ್ಯನು ಮಿದುಳಿನ ರೋಗಕ್ಕಾಗಿ ಬುರುಡೆಯ ಮೂಳೆಯನ್ನು ಒಂದು ಕಡೆ ತೆಗೆದಿದ್ದನು. ಆ ಜಾಗದಲ್ಲಿ ವಿದ್ಯುತ್ತಿನ ತಂತಿಗಳನ್ನು ಹೊಂದಿಸಿ ಬರ್ಗರನು ಗ್ಯಾಲ್ವನಾಮೀಟರನ್ನು ನೋಡಿದನು. ಅದರ ಎಳೆ ಮೆಲ್ಲಗೆ, ಒಂದೇ ಸಮನೆ ತುಯ್ಯುತ್ತಿತ್ತು. ಅವನು ಬಳಸಿದ್ದು ತಂತಿಯ ಗ್ಯಾಲ್ವನಾಮೀಟರ್. ಹಾಲೆಂಡಿನ ಐಂಥೋವನ್ ಎಂಬಾತನು ಹೃದಯದ ವಿದ್ಯುತ್ತನ್ನು ಬರೆಯಲು ಬಳಕೆಗೆ ತಂದ ಬಗೆಯದು. ಅದೇ ವರ್ಷ ಐಂಥೋವನನಿಗೆ ನೊಬೆಲ್ ಪಾರಿತೋಷಕ ಬಂದಿತು. ಹೃದಯದ ಲಿಪಿ ಲೋಕಮಾನ್ಯವಾದ ವರ್ಷದಲ್ಲಿಯೇ ಮಿದುಳಿನ ಲಿಪಿಯ ಮೊದಲ ಗೆರೆ ಯಾರಿಗೂ ತಿಳಿಯದಂತೆ ಮೂಡಿತು.

ಇಲ್ಲಿ ವಿದ್ಯಾರ್ಥಿಗಳಾದ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಇಪ್ಪತ್ತೆರಡು ವರ್ಷ ಹುಡುಕಿದ್ದು ಕೈಗೆ ಸಿಕ್ಕಾಗ ಬರ್ಗರನು ಡಂಗುರ ಸಾರಲಿಲ್ಲ. ತನ್ನನ್ನೇ ಶಂಕಿಸಿದನು. ಈ ಅಲುಗಾಟ ಮಿದುಳಿನದೋ ಹೃದಯದ್ದೋ? ರಕ್ತನಾಳಗಳ ಮಿಡಿತದ್ದೋ? ಹಣೆಯ ಸ್ನಾಯುಗಳದೋ, ಚರ್ಮದ್ದೋ, ರೆಪ್ಪೆ ಬಡಿತದ್ದೋ? ಒಂದೊಂದು ಶಂಕೆಯನ್ನೂ ಪ್ರಯೋಗದಿಂದ ನಿವಾರಿಸತೊಡಗಿದನು. ಹೃದಯದ ವಿದ್ಯುತ್ತನ್ನೂ ತಲೆಯ ವಿದ್ಯುತ್ತನ್ನೂ ಒಟ್ಟಿಗೆ ಒಂದೇ ಕಾಗದದ ಮೇಲೆ ಬರೆಸಿ, ಎರಡರ ತಾಳ ಬೇರೆಬೇರೆ ಎಂದು ಖಚಿತಪಡಿಸಿಕೊಂಡನು. ಮೊದಮೊದಲು ಚರ್ಮದಡಿಗೆ ಸೂಜಿಗಳನ್ನು ಚುಚ್ಚುತ್ತಿದ್ದವನು ಮುಂದೆ ಹಣೆಗೂ ಹಿಂದಲೆಗೂ ಲೋಹದ ತೆಳುಹಾಳೆಗಳನ್ನು ಕಟ್ಟುವ ಪದ್ಧತಿಗೆ ಬಂದನು. ಬುರುಡೆ ಒಡೆಯದ ಆರೋಗ್ಯವಂತರಲ್ಲಿಯೂ ಅದೇ ಅಲೆಗಳು ಸಿಕ್ಕಿದುವು. ಯಾರನ್ನೂ ಬಲವಂತ ಮಾಡಲಾಗದಿದ್ದಾಗ ಸ್ವಂತ ಮಗ ಕ್ಲೌಸನನ್ನೇ ಕೂರಿಸಿ ಮತ್ತೆ ಮತ್ತೆ ಅಳೆದನು. ತನ್ನ ತಲೆಯನ್ನೂ ಬಿಡಲಿಲ್ಲ. ಕೆಲವು ದಿನ ಗೆದ್ದೆನೆಂದು ತೋರಿದರೆ ಕೆಲವು ದಿನ ಎಲ್ಲವೂ ಭ್ರಮೆಯೆಂದು ತೋರುತ್ತಿತ್ತು. ಹೀಗೆ ಐದು ವರ್ಷಗಳು ಕಳೆದುವು.

1929ರಲ್ಲಿ ಅವನ ಮೊದಲ ಲೇಖನ ಜರ್ಮನಿಯ ಮನೋವೈದ್ಯರ ಪತ್ರಿಕೆಯೊಂದರಲ್ಲಿ ಹೊರಬಂದಿತು. ತಾನು ಬರೆಸಿದ ರೇಖೆಗೆ ಅವನಿಟ್ಟ ಹೆಸರನ್ನೇ ಇಂದು ಲೋಕವೆಲ್ಲ ಬಳಸುತ್ತಿದೆ: ಎಲೆಕ್ಟ್ರೋಎನ್‌ಸೆಫಲೋಗ್ರಾಮ್, ಚಿಕ್ಕದಾಗಿ ಇಇಜಿ. ನಾವು ಇದನ್ನು ಮಿದುಳಿನ ವಿದ್ಯುಲ್ಲೇಖ ಎನ್ನಬಹುದು. 1938ರವರೆಗೆ ಅವನು ಇದೇ ಶಿರೋನಾಮೆಯಲ್ಲಿ ಒಟ್ಟು ಹದಿನಾಲ್ಕು ಲೇಖನಗಳನ್ನು ಬರೆದನು.

ಅವನು ಕಂಡದ್ದೇನು? ಕಣ್ಣು ಮುಚ್ಚಿಕೊಂಡು, ಎಚ್ಚರವಾಗಿ, ಆದರೆ ಏನನ್ನೂ ಯೋಚಿಸದೆ ಕುಳಿತವನ ತಲೆಯಿಂದ ಸೆಕೆಂಡಿಗೆ ಸುಮಾರು ಹತ್ತರಂತೆ ದೊಡ್ಡ ಅಲೆಗಳು ಬರುತ್ತವೆ. ಇವಕ್ಕೆ ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರದ ಹೆಸರಿಟ್ಟು ಆಲ್ಫಾ ಅಲೆಗಳೆಂದನು. ಇವುಗಳಿಗಿಂತ ಚಿಕ್ಕವೂ ಚುರುಕಾದುವೂ ಆದ ಅಲೆಗಳಿಗೆ ಬೀಟಾ ಎಂದನು. ಕಣ್ಣು ತೆರೆದ ಕೂಡಲೆ ಆಲ್ಫಾ ಅಲೆಗಳು ಅಡಗುತ್ತವೆ. ಆದರೆ ನಿಜವಾದ ಸೋಜಿಗ ಬೇರೆಯೇ. ಕಣ್ಣು ಮುಚ್ಚಿಕೊಂಡೇ ಇರುವ ಮನುಷ್ಯನಿಗೆ ಬಾಯಿಲೆಕ್ಕವೊಂದನ್ನು ಕೊಟ್ಟರೂ ಆಲ್ಫಾ ಅಲೆಗಳು ಅಡಗಿಬಿಡುತ್ತವೆ! ಬರ್ಗರನು ತನ್ನ ಮಗಳು ಇಲ್ಸಾಳನ್ನು ಕುರ್ಚಿಯಲ್ಲಿ ಕೂರಿಸಿ ಲೆಕ್ಕ ಕೊಟ್ಟನು. ಲೆಕ್ಕ ಕೇಳುವ ಮೊದಲು ಕಾಗದದ ಮೇಲೆ ಅಲೆಗಳು ಸಾಲಾಗಿ ಬರುತ್ತಿದ್ದುವು. ಹುಡುಗಿ ಲೆಕ್ಕದಲ್ಲಿ ತೊಡಗಿದೊಡನೆ ರೇಖೆ ಸಣ್ಣಗಾಯಿತು. ಉತ್ತರ ಹೇಳಿ ಹಗುರಾದ ಮೇಲೆ ಅಲೆಗಳು ಹಿಂದಿರುಗಿದುವು. ಮಗಳ ಮುಖದಲ್ಲಿ ತಂದೆ ನೂರಾರು ಸಲ ಕಂಡಿರಬಹುದಾದ ಆ ಒಂದು ಕ್ಷಣದ ತೊಡಗುವಿಕೆ ಈಗ ಕಾಗದದ ಮೇಲೆ ಇತ್ತು.

ಯೋಚಿಸುವಾಗ ಅಲೆ ದೊಡ್ಡದಾಗದೆ ಚಿಕ್ಕದಾಗುವುದೇಕೆ ಎಂದು ವಾಚಕರು ಕೇಳಬಹುದು. ಅದರ ವಿವರಣೆ ಬಂದದ್ದು ಅನಂತರದ ವಿಜ್ಞಾನಿಗಳಿಂದ. ಹಳ್ಳಿಯ ಪ್ರಾಥಮಿಕ ಶಾಲೆಯ ಮುಂದೆ ಬೆಳಿಗ್ಗೆ ಹಾದುಹೋದವರಿಗೆಲ್ಲ ಇದು ಅನುಭವಕ್ಕೆ ಬಂದ ಸಂಗತಿಯೇ. ಮಕ್ಕಳೆಲ್ಲ ಒಂದೇ ದನಿಯಲ್ಲಿ ಮಗ್ಗಿ ಹೇಳುವಾಗ ರಸ್ತೆಯವರೆಗೂ ಆ ತಾಳ ಕೇಳುತ್ತದೆ. ಮೇಷ್ಟರು ಒಬ್ಬೊಬ್ಬನಿಗೆ ಒಂದೊಂದು ಲೆಕ್ಕ ಕೊಟ್ಟರೆ ಆ ದೊಡ್ಡ ತಾಳ ಹೋಗಿ ಬರಿಯ ಗುಜುಗುಜು ಉಳಿಯುತ್ತದೆ. ಆದರೆ ನಿಜವಾದ ಕೆಲಸ ನಡೆಯುತ್ತಿರುವುದು ಆಗಲೇ. ಮಿದುಳಿನ ಹೊರಪದರದ ಲಕ್ಷಾಂತರ ಜೀವಕೋಶಗಳು ಒಂದೇ ತಾಳಕ್ಕೆ ತೂಗುತ್ತಿದ್ದರೆ ಹೊರಗೆ ದೊಡ್ಡ ಅಲೆ. ಅವು ತಮ್ಮತಮ್ಮ ಕೆಲಸಕ್ಕೆ ತೊಡಗಿದರೆ ಚಿಕ್ಕ ಅಲೆ. ಗೋಡೆಯ ಹೊರಗೆ ನಿಂತವನಿಗೆ ತರಗತಿ ದುಡಿಯುತ್ತಿದೆಯೆ ವಿರಮಿಸುತ್ತಿದೆಯೆ ಎಂಬುದು ತಿಳಿಯುತ್ತದೆ. ಯಾವ ಹುಡುಗನ ಪಲಗೆಯ ಮೇಲೆ ಯಾವ ಲೆಕ್ಕವಿದೆಯೆಂಬುದು ತಿಳಿಯುವುದಿಲ್ಲ. ಬರ್ಗರನ ಉಪಾಯದ ಬಲವೂ ಮಿತಿಯೂ ಇದರಲ್ಲಿಯೇ ಇವೆ.

ಲೇಖನ ಬಂದಿತು, ಲೋಕ ಸುಮ್ಮನಿತ್ತು. ಒಬ್ಬ ಮನೋವೈದ್ಯನು ಹಳೆಯ ಉಪಕರಣಗಳಿಂದ ಒಂಟಿಯಾಗಿ ಮಾಡಿದ ಕೆಲಸವನ್ನು ಶರೀರಶಾಸ್ತ್ರಜ್ಞರು ನಂಬಲಿಲ್ಲ. ಸ್ವದೇಶದಲ್ಲಿ ಸಿಕ್ಕದ ಮನ್ನಣೆ ಇಂಗ್ಲೆಂಡಿನಿಂದ ಬಂದಿತು. ಕೇಂಬ್ರಿಡ್ಜಿನ ಎಡ್ಗರ್ ಆಡ್ರಿಯನ್ 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನಿ. ಅವನಿಗೂ ಮೊದಲು ಸಂಶಯವಿತ್ತು. ಆದರೆ ಸಂಶಯವನ್ನು ಅವನು ಪ್ರಯೋಗದಿಂದ ಪರೀಕ್ಷಿಸಿದನು. 1934ರಲ್ಲಿ ಮ್ಯಾಥ್ಯೂಸ್ ಎಂಬ ಸಹೋದ್ಯೋಗಿಯೊಡನೆ ತನ್ನ ತಲೆಗೇ ತಂತಿ ಕಟ್ಟಿಸಿಕೊಂಡು ಅದೇ ಅಲೆಗಳನ್ನು ಕಂಡನು. ವಿದ್ವಾಂಸರ ಸಭೆಯ ಮುಂದೆ ತೋರಿಸಿಯೂ ಕೊಟ್ಟನು. ಈ ಅಲೆಗಳು ಮುಖ್ಯವಾಗಿ ಹಿಂದಲೆಯ, ನೋಟಕ್ಕೆ ಸಂಬಂಧಿಸಿದ ಭಾಗದಿಂದ ಬರುತ್ತವೆಂದು ಹೇಳಿ ಬರ್ಗರನ ಅಭಿಪ್ರಾಯವನ್ನು ಒಂದೆಡೆ ತಿದ್ದಿದನು. ಆದರೂ ಈ ಲಯಕ್ಕೆ ಬರ್ಗರನ ಹೆಸರನ್ನೇ ಇಟ್ಟನು. ಮರುವರ್ಷವೇ ಅಮೆರಿಕದಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬವರು ಮೂರ್ಛೆರೋಗದ ಒಂದು ಬಗೆಯಲ್ಲಿ ಸೆಕೆಂಡಿಗೆ ಮೂರರಂತೆ ಬರುವ ವಿಶಿಷ್ಟವಾದ ಅಲೆಗಳನ್ನು ತೋರಿಸಿದರು. ದೆವ್ವ ಹಿಡಿಯಿತೆಂದೋ ಶಾಪ ತಟ್ಟಿತೆಂದೋ ಜನ ಹೆದರುತ್ತಿದ್ದ ರೋಗ ಮಿದುಳಿನ ವಿದ್ಯುತ್ತಿನ ಏರುಪೇರೆಂದು ಕಣ್ಣಿಗೆ ಕಾಣುವಂತಾಯಿತು. 1937ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಮನಶ್ಶಾಸ್ತ್ರ ಸಮ್ಮೇಳನದಲ್ಲಿ ಬರ್ಗರನಿಗೆ ಗೌರವ ಸಂದಿತು. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ 1933ರಲ್ಲಿ ಜರ್ಮನಿಯ ಅಧಿಕಾರ ಹಿಟ್ಲರನ ಕೈಗೆ ಬಂದಿತ್ತು. ಆ ವರ್ಷದ ಜುಲೈ ತಿಂಗಳಲ್ಲಿ ಒಂದು ಕಾನೂನು ಹೊರಟಿತು. ಮನೋರೋಗ, ಬುದ್ಧಿಮಾಂದ್ಯ, ಕುರುಡು, ಕಿವುಡು, ವಂಶಪಾರಂಪರ್ಯವೆಂದು ಎಣಿಸಿದ ಮೂರ್ಛೆರೋಗ ಮುಂತಾದುವು ಇದ್ದವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಕ್ರಿಯೆ ಮಾಡತಕ್ಕದ್ದು ಎಂಬುದೇ ಆ ಕಾನೂನು. ಯಾರಿಗೆ ಮಾಡಬೇಕೆಂಬುದನ್ನು ತೀರ್ಮಾನಿಸಲು ವೈದ್ಯರೂ ಕೂಡುವ ನ್ಯಾಯಾಲಯಗಳನ್ನು ಏರ್ಪಡಿಸಿದರು. ಆ ಆಡಳಿತದ ಕಾಲದಲ್ಲಿ ಸುಮಾರು ನಾಲ್ಕು ಲಕ್ಷ ಮಂದಿ ಹೀಗೆ ಬಲಿಯಾದರು.

ಬಹುಕಾಲ ಪುಸ್ತಕಗಳು ಬರ್ಗರನನ್ನು ನಾಜಿಗಳ ವಿರೋಧಿಯೆಂದೂ, 1938ರಲ್ಲಿ ಅವರು ಅವನನ್ನು ಹುದ್ದೆಯಿಂದ ಅಟ್ಟಿದರೆಂದೂ ಹೇಳುತ್ತಿದ್ದುವು. ನಾವು ಪೂಜಿಸುವವರು ಒಳ್ಳೆಯವರೇ ಆಗಿರಲೆಂಬ ಆಸೆ ಮನುಷ್ಯಸಹಜ. ಆದರೆ ಯೇನಾದ ದಫ್ತರುಗಳನ್ನು ತೆರೆದು ನೋಡಿದ ಇತ್ತೀಚಿನ ಚರಿತ್ರಕಾರರು ಕಂಡದ್ದು ಬೇರೆ. ಅವನು ನಿವೃತ್ತನಾದದ್ದು ವಯಸ್ಸು ಅರವತ್ತೈದಾದ ಮೇಲೆ, ಎಲ್ಲರಂತೆ. ಅವನು ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ, ಆದರೆ ಎಸ್.ಎಸ್. ಸಂಸ್ಥೆಗೆ ಹಣಕೊಟ್ಟು ಬೆಂಬಲಿಸುವವರ ಪಟ್ಟಿಯಲ್ಲಿದ್ದನು. ಎಲ್ಲಕ್ಕಿಂತ ಮಿಗಿಲಾಗಿ, ಆ ಬಲವಂತದ ಶಸ್ತ್ರಕ್ರಿಯೆಯ ನ್ಯಾಯಾಲಯದಲ್ಲಿ ಅವನು ಕುಳಿತಿದ್ದನು. ನಿವೃತ್ತನಾದ ಮೇಲೆ, 1941ರಲ್ಲಿ, ಮತ್ತೆ ಬರಬೇಕೆಂದು ಕರೆದಾಗಲೂ ಒಪ್ಪಿಕೊಂಡನು.

ಇದನ್ನು ಬರೆಯುವಾಗ ಲೇಖನಿ ತಡೆಯುತ್ತದೆ. ಮೂರ್ಛೆರೋಗಿಗಳ ನೋವನ್ನು ಲೋಕಕ್ಕೆ ತಿಳಿಯುವಂತೆ ಮಾಡಿದ ಉಪಕರಣವನ್ನು ಕೊಟ್ಟವನೂ, ಅಂಥ ರೋಗಿಗಳ ಹಕ್ಕನ್ನು ಕಿತ್ತುಕೊಳ್ಳುವ ಪೀಠದಲ್ಲಿ ಕುಳಿತವನೂ ಒಬ್ಬನೇ. ಅಲೆಯ ಒಂದು ಅಲುಗಾಟವನ್ನು ನಂಬುವ ಮೊದಲು ಐದು ವರ್ಷ ತನ್ನನ್ನು ತಾನೇ ಶಂಕಿಸಿದವನು, ಒಬ್ಬ ಮನುಷ್ಯನ ಬಾಳನ್ನು ಮುರಿಯುವ ಕಾನೂನನ್ನು ಶಂಕಿಸಲಿಲ್ಲ. ಆ ಕಾಲದಲ್ಲಿ ಹಾಗೆ ಮಾಡಿದ ವಿದ್ವಾಂಸರು ಅವನೊಬ್ಬನೇ ಅಲ್ಲವೆಂದರೆ ಅದು ಸಮಾಧಾನವಲ್ಲ; ನಮ್ಮ ಚಿಂತೆಗೆ ಮತ್ತಷ್ಟು ಕಾರಣ.

ಅವನ ಕೊನೆಯ ದಿನಗಳು ಕತ್ತಲೆಯವು. ದೇಹಕ್ಕೆ ಕಾಯಿಲೆ, ಮನಸ್ಸಿಗೆ ಆಳವಾದ ಖಿನ್ನತೆ. ಮನೋರೋಗಗಳಿಗೆ ಬಾಳೆಲ್ಲ ಚಿಕಿತ್ಸೆ ಮಾಡಿದ ವೈದ್ಯನು 1941ನೆಯ ಜೂನ್ 1ರಂದು, ತನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ, ಯೇನಾದಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ನೊಬೆಲ್ ಪಾರಿತೋಷಕ ಅವನಿಗೆ ಬರಲಿಲ್ಲ.

ಅವನು ಹುಡುಕಹೊರಟದ್ದು ಅವನಿಗೆ ಸಿಕ್ಕಿತೆ? ಇಲ್ಲವೆಂದೇ ಹೇಳಬೇಕು. ಮಿದುಳಿನ ವಿದ್ಯುತ್ತು ತಲೆಯ ಚರ್ಮವನ್ನು ದಾಟುವಷ್ಟರಲ್ಲಿಯೇ ಕ್ಷೀಣವಾಗುತ್ತದೆ. ಊರಿಂದೂರಿಗೆ ಹರಿಯುವ ಮಾತೇ ಇಲ್ಲ. ಅಕ್ಕನ ತಂತಿಯ ಗುಟ್ಟನ್ನು ಅವನ ಉಪಕರಣ ಒಡೆಯಲಿಲ್ಲ. ಆದರೆ ಆ ತಂತಿಯ ಬೆನ್ನುಹತ್ತಿ ಹೋದವನಿಗೆ ಬೇರೊಂದು ನಿಧಿ ಸಿಕ್ಕಿತು. 1953ರಲ್ಲಿ ಅಮೆರಿಕದ ಆಸರಿನ್ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು ಕನಸು ಬೀಳುವ ನಿದ್ರೆಯ ಗುರುತನ್ನು ಕಂಡುಹಿಡಿದಾಗ ಅವರಿಗೆ ನೆರವಾದದ್ದು ಇಇಜಿಯೇ. 1961ರಲ್ಲಿ ದಿಲ್ಲಿಯ ಆನಂದ್, ಛೀನಾ, ಬಲದೇವ್ ಸಿಂಗ್ ಎಂಬ ವಿಜ್ಞಾನಿಗಳು ಧ್ಯಾನಸ್ಥರಾದ ಯೋಗಿಗಳ ತಲೆಗೆ ತಂತಿ ಕಟ್ಟಿ, ಹೊರಗಿನ ಸದ್ದು ಬೆಳಕುಗಳಿಗೂ ಅವರ ಆಲ್ಫಾ ಅಲೆಗಳು ಕದಲಲಿಲ್ಲವೆಂದು ವರದಿ ಮಾಡಿದರು. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಆಸ್ಪತ್ರೆಗಳಲ್ಲಿ ಮೂರ್ಛೆರೋಗದವರ ತಲೆಗೆ ಸಾಲುಸಾಲಾಗಿ ತಂತಿ ಅಂಟಿಸಿ ನೋಡುವುದು ಬರ್ಗರನು ತೋರಿಸಿದ ಹಾದಿಯಲ್ಲಿಯೇ.

ಇನ್ನೊಂದು ಸ್ವಾರಸ್ಯವಿದೆ. ಬರ್ಗರನು ಸೋತು ಕೈಬಿಟ್ಟ ಮೊದಲ ದಾರಿ, ಎಂದರೆ ರಕ್ತದ ದಾರಿ, ಅವನು ಸತ್ತು ಅರ್ಧ ಶತಮಾನವಾದ ಮೇಲೆ ಮತ್ತೆ ತೆರೆಯಿತು. 1990ರಲ್ಲಿ ಸೇಜಿ ಒಗಾವಾ ಎಂಬ ಜಪಾನೀ ವಿಜ್ಞಾನಿಯೂ ಅವನ ಸಂಗಡಿಗರೂ ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು ಕಾಂತದ ನೆರವಿನಿಂದ ಚಿತ್ರಿಸಬಹುದೆಂದು ತೋರಿಸಿದರು. ಎಂ.ಆರ್.ಐ. ಯಂತ್ರದೊಳಗೆ ಮಲಗಿದವನು ಲೆಕ್ಕ ಮಾಡುವಾಗ ಮಿದುಳಿನ ಯಾವ ಯಾವ ಭಾಗಕ್ಕೆ ರಕ್ತ ಹೆಚ್ಚು ನುಗ್ಗುತ್ತದೆಂದು ಈಗ ಚಿತ್ರದಲ್ಲಿಯೇ ನೋಡಬಹುದು. ಎಲ್ಲಿ ಎಂಬುದನ್ನು ಈ ಚಿತ್ರ ಚೆನ್ನಾಗಿ ಹೇಳುತ್ತದೆ. ಯಾವಾಗ ಎಂಬುದನ್ನು ಬರ್ಗರನ ಅಲೆಗಳು ಚೆನ್ನಾಗಿ ಹೇಳುತ್ತವೆ. ಆದುದರಿಂದ ಇಂದಿನ ವಿಜ್ಞಾನಿಗಳು ಎರಡನ್ನೂ ಜೊತೆಗೂಡಿಸಿ ದುಡಿಯುತ್ತಾರೆ.

ತಲೆಯೊಳಗನ್ನು ನೋಡುವ ಕಲೆ ಬೆಳೆದಂತೆ ಅದನ್ನು ಯಾರ ಮೇಲೆ, ಯಾರ ಒಪ್ಪಿಗೆಯಿಂದ ಬಳಸಬೇಕೆಂಬ ಪ್ರಶ್ನೆಯೂ ಬೆಳೆದಿದೆ. ಆರೋಪಿಗಳ ಮಿದುಳಿನ ಅಲೆಗಳನ್ನು ಬರೆಸಿ, ಅಪರಾಧದ ನೆನಪು ಅಲ್ಲಿದೆಯೇ ಎಂದು ಪರೀಕ್ಷಿಸುವ ಪದ್ಧತಿಯನ್ನು ನಮ್ಮ ದೇಶದಲ್ಲಿಯೂ ಬಳಕೆಗೆ ತಂದಿದ್ದರು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ನೆಯ ಮೇ 5ರಂದು ತೀರ್ಪಿತ್ತು, ಮನುಷ್ಯನ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ನಮ್ಮ ರಾಜ್ಯದ ಹೆಸರನ್ನು ಹೊತ್ತ ಈ ತೀರ್ಪು ಮನುಷ್ಯನ ಮನಸ್ಸಿನ ಬಾಗಿಲಿಗೆ ಹಾಕಿದ ಒಂದು ಅಗುಳಿ. ಯೇನಾದ ಆ ನ್ಯಾಯಾಲಯದಲ್ಲಿ ಇಲ್ಲದೆ ಹೋದದ್ದು ಇಂಥ ಅಗುಳಿಯೇ.

ಬರ್ಗರನಿಂದ ನಾವು ಕಲಿಯಬೇಕಾದದ್ದು ಎರಡು. ಇಪ್ಪತ್ತೆರಡು ವರ್ಷ ಸೋತರೂ ಪ್ರಶ್ನೆಯನ್ನು ಬಿಡದ ಛಲ ಒಂದು. ಗೆದ್ದಾಗಲೂ ತನ್ನನ್ನು ಶಂಕಿಸುವ ನಿಷ್ಠೆ ಅದರ ಜೊತೆಗೇ ಬರುವಂಥದು. ಈ ಶಂಕೆಯನ್ನು ಪ್ರಯೋಗಶಾಲೆಯ ಹೊಸ್ತಿಲಿನಲ್ಲಿಯೇ ಬಿಟ್ಟು ಹೊರಗೆ ಬರಬಾರದೆಂಬುದು ಎರಡನೆಯದು. ಇದನ್ನು ಅವನು ಬೋಧಿಸಲಿಲ್ಲ. ಅವನ ಬಾಳಿನ ಕೊರತೆ ನಮಗೆ ಬೋಧಿಸುತ್ತದೆ. ಮುಂದಿನ ಸಲ ಪರೀಕ್ಷೆಯ ಕೋಣೆಯಲ್ಲಿ ಕಣ್ಣುಮುಚ್ಚಿ ಉತ್ತರಕ್ಕಾಗಿ ತಡಕಾಡುವಾಗ, ನಮ್ಮ ಹಿಂದಲೆಯಲ್ಲಿ ಸೆಕೆಂಡಿಗೆ ಹತ್ತರಂತೆ ತೂಗುತ್ತಿದ್ದ ಅಲೆಗಳು ಮೆಲ್ಲನೆ ಅಡಗುತ್ತಿವೆಯೆಂಬುದನ್ನು ನೆನೆಯೋಣ. ಅದನ್ನು ಮೊದಲು ಕಂಡವನ ಹೆಸರನ್ನೂ, ಅವನು ಕಾಣದೆ ಹೋದದ್ದನ್ನೂ ಒಟ್ಟಿಗೆ ನೆನೆಯೋಣ.